ಮುಖಪುಟದ ದೆವ್ವ

ದೆವ್ವದ ಕಥೆ ಎಂದರೆ ಮೊಮ್ಮಕ್ಕಳು ತಾವಾಗಿಯೇ ಹತ್ತಿರ ಸರಿದು ಕೂರುತ್ತಾರೆ. ಪಟ್ಟಾಭಿಷೇಕದ ಕಥೆಗೆ ಆಕಳಿಸುವ ಮಗು ಕೂಡ "ಊರಾಚೆ ಒಂದು ಹಾಳುಮನೆ ಇತ್ತಂತೆ" ಎಂದರೆ ಸಾಕು, ಹೊದಿಕೆ ಎಳೆದುಕೊಂಡು ಕಿವಿ ನಿಮಿರಿಸುತ್ತದೆ. ಇದು ಅಜ್ಜ-ಅಜ್ಜಿಯರಿಗೆಲ್ಲ ಗೊತ್ತಿರುವ ಗುಟ್ಟು. ಆದರೆ ಅದೇ ದೆವ್ವ ಬಣ್ಣದ ಮುಖಪುಟ ಹೊದ್ದು ಅಂಗಡಿಯ ಕಪಾಟಿನಲ್ಲಿ ಕುಳಿತು ಮೊಮ್ಮಗನನ್ನು ಕರೆದರೆ ಏನು ಮಾಡಬೇಕು? ಕೊಡಿಸಬೇಕೋ, ಕಣ್ಣು ಮುಚ್ಚಿಸಬೇಕೋ?

ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತನಾದ ನನಗೆ ಈ ಪ್ರಶ್ನೆ ಎದುರಾದದ್ದು 2024ರ ಬೇಸಿಗೆಯಲ್ಲಿ, ಅಮೆರಿಕದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ. ಅಲ್ಲಿ ಕಾಮಿಕ್ಸ್‌ಗೆಂದೇ ಅಂಗಡಿಗಳಿವೆ. ಹೊಸ ಸಂಚಿಕೆಗಳು ಬರುವುದು ಬುಧವಾರ. ನಮ್ಮ ಕಡೆ ಸಂತೆಯ ದಿನ ಜನ ಸೇರುವ ಹಾಗೆ ಅಭಿಮಾನಿಗಳು ಅಂದು ಸೇರುತ್ತಾರೆ. ಹತ್ತು ವರ್ಷದ ಮೊಮ್ಮಗ ನನ್ನ ಕೈಹಿಡಿದು ಅಲ್ಲಿಗೆ ಎಳೆದೊಯ್ದ.

ಆ ವಾರ ಅಲ್ಲಿ ಎಲ್ಲರ ಬಾಯಲ್ಲೂ ಒಂದೇ ಹೆಸರು: 'ಎಪಿಟಾಫ್ಸ್ ಫ್ರಮ್ ದಿ ಅಬಿಸ್'. ಪ್ರತಿ ಸಂಚಿಕೆಯಲ್ಲೂ ಹಲವು ಸಣ್ಣ ಭಯಾನಕ ಕಥೆಗಳಿರುವ ಹೊಸ ಮಾಲಿಕೆ. ಜುಲೈ ತಿಂಗಳಲ್ಲಿ ಅದರ ಮೊದಲ ಸಂಚಿಕೆ ಬಂದಿತ್ತು. ಅಷ್ಟು ಸಂಭ್ರಮಕ್ಕೆ ಕಾರಣ, ಅದರ ಮೇಲಿದ್ದ 'ಇ.ಸಿ. ಕಾಮಿಕ್ಸ್' ಎಂಬ ಹಳೆಯ ಮುದ್ರೆ. ಸುಮಾರು ಎಪ್ಪತ್ತು ವರ್ಷಗಳ ಹಿಂದೆ ನಿಂತುಹೋಗಿದ್ದ ಹೆಸರನ್ನು ಓನಿ ಪ್ರೆಸ್ ಎಂಬ ಪ್ರಕಾಶನ ಸಂಸ್ಥೆ ಮತ್ತೆ ಎಬ್ಬಿಸಿತ್ತು. ಭೂತದ ಪತ್ರಿಕೆಯೇ ಗೋರಿಯಿಂದ ಎದ್ದು ಬಂದ ಹಾಗೆ!

ಒಂದೇ ಸಂಚಿಕೆಗೆ ಬೇರೆ ಬೇರೆ ಕಲಾವಿದರು ಬರೆದ ಬೇರೆ ಬೇರೆ ಮುಖಪುಟಗಳು. ಒಳಗಿನ ಕಥೆಗಳು ಅವೇ, ಅಂಗಿ ಮಾತ್ರ ಬೇರೆ. ಯಾವುದನ್ನು ಕೊಳ್ಳಬೇಕೆಂದು ನರೆಗೂದಲಿನ ಹಿರಿಯರೊಬ್ಬರಿಗೂ ಕಾಲೇಜು ಹುಡುಗಿಯೊಬ್ಬಳಿಗೂ ಚರ್ಚೆ ನಡೆದಿತ್ತು. "ಈಗಿನವರು ಫೋಟೋ ತೆಗೆದ ಹಾಗೆ ಬರೆಯುತ್ತಾರೆ. ಎಲ್ಲವೂ ಕಾಣಿಸುತ್ತದೆ. ಎಲ್ಲವೂ ಕಂಡರೆ ಭಯ ಎಲ್ಲಿಂದ ಬರಬೇಕು? ಹಳೆಯ ಮುಖಪುಟ ಬಾಗಿಲನ್ನು ಅರ್ಧ ಮಾತ್ರ ತೆರೆಯುತ್ತಿತ್ತು" ಎಂದರು ಹಿರಿಯರು. ಹುಡುಗಿ ಬಿಡಲಿಲ್ಲ. "ಆಗಿನ ಕಾಗದ, ಆಗಿನ ಮುದ್ರಣ ಅಷ್ಟಕ್ಕೇ ಬಗ್ಗುತ್ತಿತ್ತು. ಈಗ ನೆರಳಿನೊಳಗೊಂದು ನೆರಳು ಬರೆಯಬಹುದು. ಬೇಕಾದ್ದು ಮನಸ್ಸಿನಲ್ಲಿ ಉಳಿಯುವ ಒಂದು ಮುಖ" ಎಂದಳು. ಇಬ್ಬರೂ ಹೇಳಿದ್ದು ಚಿತ್ರಕಲೆಯ ಪಾಠವೇ. ಮೊಮ್ಮಗ ಮಾತ್ರ ಎರಡನ್ನೂ ಕೇಳಿಸಿಕೊಳ್ಳದೆ ಒಂದು ಮುಖಪುಟವನ್ನೇ ನೆಟ್ಟ ಕಣ್ಣಿಂದ ನೋಡುತ್ತಿದ್ದ.

ಅಂಗಡಿಯವರು ಒಳ್ಳೆಯವರು. "ಇದು ದೊಡ್ಡವರ ಪುಸ್ತಕ, ಇವನಿಗಲ್ಲ" ಎಂದು ಮೊದಲೇ ಹೇಳಿದರು. ಮನೆಯಲ್ಲಿ ಮಗಳದ್ದೂ ಅದೇ ಮಾತು. ಒಂದು ತಿಂಗಳ ಹಿಂದೆ ಅಂಥದ್ದೇ ಒಂದು ಮುಖಪುಟ ನೋಡಿ ಹುಡುಗ ಮೂರು ರಾತ್ರಿ ದೀಪ ಆರಿಸಲು ಬಿಟ್ಟಿರಲಿಲ್ಲವಂತೆ. ಹೆದರಿದವನಿಗೆ ಹಗ್ಗವೂ ಹಾವು. ಕುರ್ಚಿಯ ಮೇಲಿನ ಅಂಗಿಯೂ ದೆವ್ವ. ಆದರೂ ಅದೇ ಬೇಕೆಂಬ ಹಟ. "ಅಪ್ಪಾ, ನೀನೇ ಹೇಳು" ಎಂದು ಮಗಳು ತೀರ್ಪನ್ನು ನನ್ನ ಹೆಗಲಿಗೆ ಹಾಕಿದಳು. ಹೆಗಲ ಮೇಲೆ ಬೇತಾಳ ಹೊತ್ತ ವಿಕ್ರಮನ ಸ್ಥಿತಿ ನನ್ನದು. ಉತ್ತರ ಕೊಟ್ಟರೂ ಕಷ್ಟ, ಕೊಡದಿದ್ದರೂ ಕಷ್ಟ.

ಉತ್ತರ ಹುಡುಕಲು ಆ ಹಳೆಯ ಇ.ಸಿ. ಕಂಪನಿಯ ಕಥೆ ಓದಿದೆ. ಅದು ಯಾವ ದೆವ್ವದ ಕಥೆಗೂ ಕಡಿಮೆಯಿಲ್ಲ.

ಇ.ಸಿ. ಎಂದರೆ ಮೊದಲಿಗೆ 'ಎಜುಕೇಷನಲ್ ಕಾಮಿಕ್ಸ್' ಎಂದಿತ್ತು, ಅಂದರೆ ಶಿಕ್ಷಣದ ಚಿತ್ರಕಥೆ. ಮ್ಯಾಕ್ಸ್ ಗೇನ್ಸ್ ಎಂಬವರು ಬೈಬಲ್ ಕಥೆಗಳನ್ನು ಚಿತ್ರಗಳಲ್ಲಿ ತರುತ್ತಿದ್ದರು. 1947ರಲ್ಲಿ ಅವರು ದೋಣಿ ಅಪಘಾತದಲ್ಲಿ ತೀರಿಕೊಂಡಾಗ ಮಗ ವಿಲಿಯಂ ಗೇನ್ಸ್ ಕಂಪನಿಯನ್ನು ವಹಿಸಿಕೊಂಡರು. 'ಎಜುಕೇಷನಲ್' ಹೋಗಿ 'ಎಂಟರ್‌ಟೈನಿಂಗ್' ಆಯಿತು. 1950ರಲ್ಲಿ ಅವರು ಮತ್ತು ಸಂಪಾದಕ ಆಲ್ ಫೆಲ್ಡ್‌ಸ್ಟೈನ್ ಸೇರಿ ಮೂರು ಭಯಾನಕ ಪತ್ರಿಕೆಗಳನ್ನು ಹೊರತಂದರು: 'ಟೇಲ್ಸ್ ಫ್ರಮ್ ದಿ ಕ್ರಿಪ್ಟ್', 'ದಿ ವಾಲ್ಟ್ ಆಫ್ ಹಾರರ್', 'ದಿ ಹಾಂಟ್ ಆಫ್ ಫಿಯರ್'. ಬೆಲೆ ಹತ್ತು ಸೆಂಟ್.

ಕಲಾವಿದರು ಒಬ್ಬರಿಗಿಂತ ಒಬ್ಬರು ಗಟ್ಟಿಗರು. ಜಾನಿ ಕ್ರೇಗ್ ಅವರದು ಅಚ್ಚುಕಟ್ಟಾದ ಗೆರೆ. ಜ್ಯಾಕ್ ಡೇವಿಸ್ ಬರೆದ ದೆವ್ವಕ್ಕೂ ಸ್ವಲ್ಪ ಹಾಸ್ಯದ ಮೈ. ಗ್ರಹಾಂ ಇಂಗೆಲ್ಸ್ ಅವರ ಗೆರೆಯಂತೂ ಕೊಳೆತ ಎಲೆಯ ಹಾಗೆ ತೊಟ್ಟಿಕ್ಕುವಂಥದ್ದು. ಅವರು 'ಘೋರ' ಎಂಬ ಅರ್ಥದ 'ಘಾಸ್ಟ್ಲಿ' ಎಂದೇ ಸಹಿ ಹಾಕುತ್ತಿದ್ದರು. ಬಣ್ಣ ತುಂಬುತ್ತಿದ್ದವರು ಮೇರಿ ಸೆವೆರಿನ್ ಎಂಬ ಹೆಣ್ಣುಮಗಳು. ಚಿತ್ರ ತೀರಾ ಅತಿಯಾಯಿತು ಎನ್ನಿಸಿದರೆ ಆಕೆ ಅದರ ಮೇಲೆ ಕಡುನೀಲಿ ಬಳಿದು ಮಂಕು ಮಾಡಿಬಿಡುತ್ತಿದ್ದರಂತೆ!

ನನ್ನನ್ನು ತಡೆದು ನಿಲ್ಲಿಸಿದ್ದು ಆ ಮುಖಪುಟಗಳ ಎಡಬದಿ. ಅಲ್ಲಿ ಮೂರು ಪುಟ್ಟ ವೃತ್ತಗಳು, ವೃತ್ತಗಳಲ್ಲಿ ಮೂರು ಮುಖಗಳು. ಕ್ರಿಪ್ಟ್ ಕೀಪರ್, ವಾಲ್ಟ್ ಕೀಪರ್ ಮತ್ತು ಮುದಿ ಮಾಟಗಾತಿ. ಕಥೆ ಹೇಳುವವರು ಇವರೇ. ಶುರುವಿನಲ್ಲಿ ಬಂದು "ಬನ್ನಿ ಮಕ್ಕಳೇ" ಎಂಬಂತೆ ಕರೆಯುತ್ತಾರೆ, ಕೊನೆಯಲ್ಲಿ ಬಂದು ಕೆಟ್ಟ ಜೋಕು ಹೊಡೆದು ನಗಿಸುತ್ತಾರೆ. ಓದುವ ಹುಡುಗನಿಗೂ ಭಯಕ್ಕೂ ನಡುವೆ ಒಬ್ಬರು ಕುಳಿತಿದ್ದಾರೆ ಎಂದಾಯಿತು.

ನಮ್ಮ ಬೇತಾಳನೂ ಅದೇ ಕೆಲಸದವನಲ್ಲವೇ? ಸ್ಮಶಾನ, ನಡುರಾತ್ರಿ, ಹೆಗಲ ಮೇಲೆ ಹೆಣ. ಆದರೆ ಆ ಹೆಣ ಬಾಯಿಬಿಟ್ಟು "ರಾಜಾ, ದಾರಿಯ ಶ್ರಮ ತಿಳಿಯದಿರಲು ಒಂದು ಕಥೆ ಕೇಳು" ಎಂದ ಕೂಡಲೇ ಹೆದರಿಕೆ ಅರ್ಧ ಇಳಿಯುತ್ತದೆ. ಕಥೆಯ ಕೊನೆಗೆ ಒಂದು ಪ್ರಶ್ನೆ. ಭಯದ ಜಾಗಕ್ಕೆ ಬುದ್ಧಿ ಬಂದು ಕೂರುತ್ತದೆ. ಚಂದಮಾಮದಲ್ಲಿ ಶಂಕರ್ ಅವರು ಬರೆದ ಆ ಚಿತ್ರ ನಿಮಗೆ ನೆನಪಿರಬೇಕು: ಕೈಯಲ್ಲಿ ಕತ್ತಿ, ಹೆಗಲಲ್ಲಿ ಬೇತಾಳ, ಮುಂದಕ್ಕೆ ಹೆಜ್ಜೆ ಇಟ್ಟ ವಿಕ್ರಮ. 1952ರಲ್ಲಿ ಚಂದಮಾಮ ಸೇರಿದ ಶಂಕರ್ 2020ರಲ್ಲಿ ತೀರಿಕೊಂಡರು. ಆ ಚಿತ್ರ ನೋಡಿ ದೀಪ ಆರಿಸದೆ ಮಲಗಿದ ಮಕ್ಕಳು ಕಡಿಮೆ. ಏಕೆಂದರೆ ರಾಜ ನಡೆಯುತ್ತಿದ್ದಾನೆ, ನಿಂತಿಲ್ಲ.

ಯಕ್ಷಗಾನದ ಬಣ್ಣದ ವೇಷವೂ ಹಾಗೆಯೇ. ಅಕ್ಕಿಹಿಟ್ಟಿನ ಚುಟ್ಟಿ ಇಟ್ಟ ರಕ್ಕಸ ಅಬ್ಬರಿಸುತ್ತ ಬಂದಾಗ ಚಾಪೆಯ ಮೇಲೆ ನಿದ್ದೆ ಹೋಗಿದ್ದ ನಾವು ಬೆಚ್ಚಿ ಅಜ್ಜಿಯ ಸೆರಗು ಹಿಡಿಯುತ್ತಿದ್ದೆವು. ಸೆರಗು ಇತ್ತು, ಹಾಗಾಗಿ ರಕ್ಕಸನನ್ನು ಸೆರಗಿನ ಸಂದಿಯಿಂದ ನೋಡುವ ಧೈರ್ಯವೂ ಇತ್ತು. ನನ್ನ ಮೊಮ್ಮಗನನ್ನು ಮೂರು ರಾತ್ರಿ ಕಾಡಿದ ಮುಖಪುಟಕ್ಕೆ ಸೆರಗು ಇರಲಿಲ್ಲ. ಕಥೆಯಿಲ್ಲದ, ಹೇಳುವವರಿಲ್ಲದ ಒಂಟಿ ಚಿತ್ರ ಅದು. ಶುರುವೂ ಗೊತ್ತಿಲ್ಲ, ಕೊನೆಯೂ ಗೊತ್ತಿಲ್ಲ. ಉಳಿದದ್ದನ್ನು ಕತ್ತಲಲ್ಲಿ ಮಗುವಿನ ಮನಸ್ಸೇ ತುಂಬಿಸಿಕೊಂಡಿತು.

ಈಗ ಇ.ಸಿ.ಯ ಕಥೆಯ ಉಳಿದ ಭಾಗ. ಮಕ್ಕಳು ಕಾಮಿಕ್ಸ್ ಓದಿ ಕೆಡುತ್ತಿದ್ದಾರೆಂಬ ಕೂಗು ಅಮೆರಿಕದಲ್ಲಿ ಜೋರಾಯಿತು. 1948ರಲ್ಲೇ ಬಿಂಗ್‌ಹ್ಯಾಮ್ಟನ್ ಎಂಬ ಊರಿನಲ್ಲಿ ಶಾಲಾಮಕ್ಕಳ ಕೈಯಲ್ಲೇ ಕಾಮಿಕ್ಸ್ ರಾಶಿ ಹಾಕಿಸಿ ಸುಡಲಾಗಿತ್ತು. 1954ರಲ್ಲಿ ಫ್ರೆಡ್ರಿಕ್ ವರ್ಥಮ್ ಎಂಬ ಮನೋವೈದ್ಯರ ಪುಸ್ತಕ ಬಂತು. ಬಾಲಾಪರಾಧಕ್ಕೆ ಕಾಮಿಕ್ಸ್ ಒಂದು ಕಾರಣ ಎಂಬುದು ಅದರ ವಾದ. ಈ ವೈದ್ಯರು ಕೆಡುಕರಲ್ಲ. ಹಾರ್ಲೆಮ್‌ನ ಬಡ ಕಪ್ಪು ಜನರಿಗಾಗಿ ಚಿಕಿತ್ಸಾಲಯ ನಡೆಸಿದವರು. ಮಕ್ಕಳ ಮೇಲಿನ ಅವರ ಕಾಳಜಿ ನಿಜ. ಆದರೆ ತಮ್ಮ ವಾದಕ್ಕೆ ಹೊಂದುವಂತೆ ಅವರು ಮಕ್ಕಳ ಹೇಳಿಕೆಗಳನ್ನು ತಿದ್ದಿದ್ದರೆಂದು ಕ್ಯಾರಲ್ ಟಿಲ್ಲಿ ಎಂಬ ಸಂಶೋಧಕಿ 2012ರಲ್ಲಿ ತೋರಿಸಿಕೊಟ್ಟರು.

1954ರ ಏಪ್ರಿಲ್ 21ರಂದು ನ್ಯೂಯಾರ್ಕಿನಲ್ಲಿ ಸೆನೆಟ್ ಉಪಸಮಿತಿಯ ಮುಂದೆ ವಿಲಿಯಂ ಗೇನ್ಸ್ ತಾವಾಗಿಯೇ ಹೋಗಿ ಕುಳಿತರು. ಆಗ ಅವರ ವಯಸ್ಸು 32. ಸೆನೆಟರ್ ಎಸ್ಟೆಸ್ ಕೆಫಾವರ್ ಒಂದು ಮುಖಪುಟವನ್ನು ಎತ್ತಿ ಹಿಡಿದರು. ಜಾನಿ ಕ್ರೇಗ್ ಬರೆದದ್ದು. ಕೈಯಲ್ಲಿ ಕೊಡಲಿ ಹಿಡಿದ ಕೊಲೆಗಾರನ ಚಿತ್ರ. ಇದು ಸದಭಿರುಚಿಯೇ ಎಂದು ಕೇಳಿದರು. ಭಯಾನಕ ಪತ್ರಿಕೆಯ ಮುಖಪುಟಕ್ಕೆ ಹೌದು ಎಂದರು ಗೇನ್ಸ್. ಇದಕ್ಕಿಂತ ಹೆಚ್ಚು ತೋರಿಸಿದ್ದರೆ ಅದು ಅಭಿರುಚಿಹೀನ ಆಗುತ್ತಿತ್ತು ಎಂದು ವಿವರಿಸಲೂ ಹೋದರು. ಮರುದಿನದ ಪತ್ರಿಕೆಗಳಿಗೆ ಅಷ್ಟು ಸಾಕಾಯಿತು. ಬುಧವಾರದ ಅಂಗಡಿಯಲ್ಲಿ ಆ ಹಿರಿಯರು ಹೇಳಿದ 'ಅರ್ಧ ತೆರೆದ ಬಾಗಿಲು' ಇದೇ ವಾದ. ಆದರೆ ವಿಚಾರಣೆಯ ಮೇಜಿನ ಮುಂದೆ ಅದು ನಿಲ್ಲಲಿಲ್ಲ.

ಅದೇ ವರ್ಷ ಪ್ರಕಾಶಕರೇ ಸೇರಿ ಒಂದು ಸಂಹಿತೆ ಮಾಡಿಕೊಂಡರು. ಪತ್ರಿಕೆಯ ಹೆಸರಿನಲ್ಲಿ 'ಹಾರರ್', 'ಟೆರರ್' ಎಂಬ ಪದ ಇರಕೂಡದು. ರಕ್ತಪಿಶಾಚಿ, ತೋಳಮಾನವ, ನಡೆಯುವ ಹೆಣ ಯಾವುದೂ ಬರಕೂಡದು. ಗೇನ್ಸ್ ಮೂರು ಪತ್ರಿಕೆಗಳನ್ನೂ ನಿಲ್ಲಿಸಿದರು. ಹತ್ತು ವರ್ಷದವರ ಕೈಗೆ ಸಿಗಬಾರದ್ದು ಕೆಲವು ಇದ್ದವು ನಿಜ; ಅದಕ್ಕೆ ದೊಡ್ಡವರ ಕಪಾಟು, ಚಿಕ್ಕವರ ಕಪಾಟು ಎಂದು ಬೇರೆ ಮಾಡಿದ್ದರೆ ಸಾಕಿತ್ತು. ಅವರು ನೆಗಡಿ ಬಂತೆಂದು ಮೂಗನ್ನೇ ಕೊಯ್ದರು.

ಕೊಯ್ದ ಕತ್ತಿ ಅಲ್ಲಿಗೇ ನಿಲ್ಲಲಿಲ್ಲ. ಇ.ಸಿ. 1953ರಲ್ಲಿ 'ಜಡ್ಜ್‌ಮೆಂಟ್ ಡೇ' ಎಂಬ ವಿಜ್ಞಾನ ಕಥೆ ಪ್ರಕಟಿಸಿತ್ತು. ಭೂಮಿಯಿಂದ ಒಬ್ಬ ಗಗನಯಾತ್ರಿ ಯಂತ್ರಮಾನವರ ಲೋಕಕ್ಕೆ ಹೋಗುತ್ತಾನೆ. ಅಲ್ಲಿ ಕಿತ್ತಳೆ ಬಣ್ಣದವರು ಮೇಲು, ನೀಲಿ ಬಣ್ಣದವರು ಕೀಳು. ಒಳಗಿನ ಯಂತ್ರ ಮಾತ್ರ ಒಂದೇ! ನಿಮ್ಮ ಲೋಕ ಇನ್ನೂ ಸಿದ್ಧವಾಗಿಲ್ಲ ಎಂದು ಹೇಳಿ ಆತ ಹೊರಡುತ್ತಾನೆ. ಕೊನೆಯ ಚಿತ್ರದಲ್ಲಿ ಶಿರಸ್ತ್ರಾಣ ತೆಗೆದಾಗ ತಿಳಿಯುತ್ತದೆ, ಆತ ಕಪ್ಪು ಮನುಷ್ಯ. ಇದನ್ನು ಮರುಮುದ್ರಿಸಲು ಹೊರಟಾಗ ಆತ ಕಪ್ಪಾಗಿರಬಾರದೆಂದು ಸಂಹಿತೆಯ ಅಧಿಕಾರಿ ಹಟ ಹಿಡಿದರು. ಗೇನ್ಸ್ ಬಗ್ಗಲಿಲ್ಲ, ಇದ್ದ ಹಾಗೆಯೇ ಅಚ್ಚು ಹಾಕಿದರು. 1956ರ ಆರಂಭದ ಆ ಸಂಚಿಕೆಯೇ ಇ.ಸಿ.ಯ ಕೊನೆಯ ಕಾಮಿಕ್ಸ್. ಕಂಪನಿಗೆ ಉಳಿದದ್ದು 'ಮ್ಯಾಡ್' ಎಂಬ ಹಾಸ್ಯಪತ್ರಿಕೆ ಮಾತ್ರ.

ಇಂಗೆಲ್ಸ್ ಕಥೆ ನನಗೆ ಹೆಚ್ಚು ತಟ್ಟಿತು. 'ಘೋರ' ಎಂದು ಸಹಿ ಮಾಡುತ್ತಿದ್ದ ಆ ಕಲಾವಿದರು ಕೆಲಸ ಕಳೆದುಕೊಂಡು ಫ್ಲಾರಿಡಾಕ್ಕೆ ಹೋಗಿ, ನನ್ನ ಹಾಗೆಯೇ ಚಿತ್ರಕಲೆ ಕಲಿಸುತ್ತ ಬದುಕಿದರು. ಹಳೆಯದರ ಸುದ್ದಿ ಎತ್ತುವ ಅಭಿಮಾನಿಗಳಿಂದ ಬಹುಕಾಲ ದೂರವೇ ಉಳಿದರು.

ಆದರೆ ಅಭಿಮಾನಿಗಳು ಮರೆಯಲಿಲ್ಲ. ಹುಡುಗರಾಗಿದ್ದಾಗ ಬಚ್ಚಿಟ್ಟ ಪ್ರತಿಗಳನ್ನು ಮುದುಕರಾಗುವವರೆಗೆ ಕಾಪಾಡಿದರು. ಗೇನ್ಸ್ ಮೂಲಚಿತ್ರಗಳನ್ನು ಎಸೆಯದೆ ಭದ್ರವಾಗಿ ಇಟ್ಟಿದ್ದರು. ಅವುಗಳಿಂದಲೇ ಮುಂದೆ ದೊಡ್ಡ ಆಕಾರದ ಪುಸ್ತಕಗಳು ಬಂದವು. ಸಂಹಿತೆಯೂ ಸಡಿಲಾಗುತ್ತ ಬಂದು 2011ರಲ್ಲಿ ಪೂರ್ತಿ ಬಿದ್ದುಹೋಯಿತು. ಬುಧವಾರದ ಆ ಚರ್ಚೆ ಹಾಗಾಗಿ ಬರೀ ಕಾಲಹರಣವಲ್ಲ. ಸುಟ್ಟುಹೋಗಬಹುದಾಗಿದ್ದ ಒಂದು ಕಲೆಯನ್ನು ಜನ ಮಾತಿನಲ್ಲಿ ಉಳಿಸಿಕೊಂಡ ಬಗೆ ಅದು.

ಇಷ್ಟು ಓದಿದ ಮೇಲೆ ನನ್ನ ತೀರ್ಪು ಹೀಗಾಯಿತು. ಹೊಸ ಸಂಚಿಕೆಯನ್ನು ಕೊಂಡು ನಾನು ಓದಿದೆ. ಅದು ದೊಡ್ಡವರದೇ, ಕಪಾಟಿನ ಮೇಲ್ತಟ್ಟಿಗೆ ಹೋಯಿತು. "ನಿನಗೆ ಹದಿನಾರಾದಾಗ ಇದು ನಿನ್ನದು" ಎಂದು ಅದರೊಳಗೆ ಅವನ ಹೆಸರು ಬರೆದ ಚೀಟಿ ಇಟ್ಟೆ. ಇಲ್ಲ ಎನ್ನುವುದಕ್ಕೂ ಈಗಲ್ಲ ಎನ್ನುವುದಕ್ಕೂ ಮಕ್ಕಳಿಗೆ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ. ಬದಲಿಗೆ ದಿನಕ್ಕೊಂದು ಕಥೆ ನಾನೇ ಹೇಳಿದೆ, ಕನ್ನಡದಲ್ಲಿ. ಮೊದಲು ಕಿತ್ತಳೆ-ನೀಲಿ ಯಂತ್ರಮಾನವರ ಕಥೆ, ಆಮೇಲೆ ಬೇತಾಳ, ಆಮೇಲೆ ನಮ್ಮೂರ ಬಾಗಿಲುಗಳ ಮೇಲೆ 'ನಾಳೆ ಬಾ' ಎಂದು ಬರೆದು ದೆವ್ವವನ್ನು ದಿನವೂ ವಾಪಸು ಕಳಿಸಿದ ಕಥೆ. ಎರಡು ಮಾತಿಗೊಮ್ಮೆ ಇಂಗ್ಲಿಷಿಗೆ ಜಾರುತ್ತಿದ್ದ ಹುಡುಗ "ಆಮೇಲೆ? ಆಮೇಲೆ?" ಎಂದು ಕನ್ನಡದಲ್ಲೇ ಕೇಳತೊಡಗಿದ. ಮಗಳು ಬಾಗಿಲ ಬಳಿ ನಿಂತು ತಾನೂ ಕೇಳಿಸಿಕೊಂಡಳು.

ಹೆದರಿಸಿದ ಆ ಮುಖಪುಟವನ್ನು ಹಗಲಿನಲ್ಲಿ ಇಬ್ಬರೂ ಕೂತು ಪೆನ್ಸಿಲಿನಲ್ಲಿ ನಕಲು ಮಾಡಿದೆವು. ಬೆಳಕು ಎಲ್ಲಿಂದ ಬಿದ್ದಿದೆ? ಕೆಳಗಿನಿಂದ, ಅದಕ್ಕೇ ಮುಖ ವಿಕಾರ. ಕಣ್ಣು ಏಕೆ ಕಾಣುವುದಿಲ್ಲ? ನೆರಳು ಮುಚ್ಚಿದೆ, ಚಿತ್ರಗಾರ ಅಲ್ಲಿ ಏನನ್ನೂ ಬರೆದೇ ಇಲ್ಲ. "ಅಂದರೆ ಅಲ್ಲಿ ಬರೀ ಕಪ್ಪು ಶಾಯಿ!" ಎಂದು ಅವನೇ ಕಂಡುಹಿಡಿದ. ಆ ರಾತ್ರಿ ದೀಪ ಆರಿಸಲು ಬಿಟ್ಟ, ಬಾಗಿಲು ಮಾತ್ರ ಸ್ವಲ್ಪ ತೆರೆದಿರಲಿ ಎಂದ.

ಮಕ್ಕಳೇ, ಯಾವುದಾದರೂ ಚಿತ್ರ ನಿಮ್ಮನ್ನು ಹೆದರಿಸಿದರೆ ಹಗಲಿನಲ್ಲಿ ಅದನ್ನು ಬರೆದು ನೋಡಿ. ಅಜ್ಜ-ಅಜ್ಜಿಯರೇ, ಮೊಮ್ಮಕ್ಕಳ ಕೈಯಲ್ಲಿ ದೆವ್ವದ ಪುಸ್ತಕ ಕಂಡರೆ ಕಿತ್ತುಕೊಳ್ಳುವ ಮೊದಲು ಕನ್ನಡಕ ಹಾಕಿಕೊಂಡು ಒಮ್ಮೆ ಓದಿ. ವಯಸ್ಸಿಗೆ ತಕ್ಕದ್ದಾದರೆ ಜೊತೆಯಲ್ಲಿ ಕೂರಿ, ಅಲ್ಲದಿದ್ದರೆ ನಿಮ್ಮದೊಂದು ಕಥೆ ಹೇಳಿ. ನಾನು ಊರಿಗೆ ಹೊರಡುವ ದಿನ ಮೊಮ್ಮಗ ತಾನೇ ಬರೆದ ಮುಖಪುಟವೊಂದನ್ನು ಕೈಗಿಟ್ಟ. ಹಾಳುಮನೆ, ವಕ್ರ ಚಂದ್ರ, ಕಿಟಕಿಯಲ್ಲೊಂದು ಕರಿನೆರಳು. ಎಡಬದಿಯ ವೃತ್ತದಲ್ಲಿ ಮಾತ್ರ ಕ್ರಿಪ್ಟ್ ಕೀಪರ್ ಇರಲಿಲ್ಲ. ಬೋಳುತಲೆ, ದಪ್ಪ ಕನ್ನಡಕದ ಒಬ್ಬ ಅಜ್ಜ ಹಲ್ಲು ಬಿಟ್ಟು ನಗುತ್ತಿದ್ದ.