ಕಲ್ಲಿಗೆ ಸ್ನಾನ ಸಾಕು, ಚರ್ಮ ಸುಲಿಯಬೇಡಿ

ಹಳೇ ದೇವಸ್ಥಾನಗಳು ಹಾಳಾಗೋದು ಬರೀ ಮಳೆ-ಬಿಸಿಲಿನಿಂದಲ್ಲ, ನಮ್ಮ ಭಕ್ತಿಯಿಂದಲೂ ಹೌದು. ಜಾತ್ರೆ ಹತ್ತಿರ ಬಂತು ಅಂದ್ರೆ ಎಲ್ಲವೂ ಪಳಪಳ ಹೊಳೀಬೇಕು ನಮಗೆ!

ನಮ್ಮೂರು ಹಾಸನದ ಕಡೆ. ಈ ವರ್ಷ ದೇವಸ್ಥಾನದ ಕಮಿಟಿಯಲ್ಲಿರೋ ಚಿಕ್ಕಪ್ಪ ಫ್ಯಾಮಿಲಿ ಗ್ರೂಪಿಗೆ ಸ್ಯಾಂಡ್‌ಬ್ಲಾಸ್ಟಿಂಗ್ ವಿಡಿಯೋ ಹಾಕಿದ್ರು. ಪೈಪಿನಿಂದ ಮರಳು ರಭಸವಾಗಿ ಬಡಿದ ಹಾಗೆ ಕಪ್ಪು ಕಂಬ ಬೆಳ್ಳಗಾಗ್ತಿತ್ತು. "ಒಂದೇ ದಿನದ ಕೆಲ್ಸ ಕಣಮ್ಮ" ಅಂದ್ರು.

ತಕ್ಷಣ ಫೋನ್ ಮಾಡಿದೆ. "ಚಿಕ್ಕಪ್ಪ, ಪಕ್ಕದೂರಿನ ದ್ವಾರಪಾಲಕರ ಮುಖ ನೋಡಿದ್ದೀರಲ್ಲ? ಅಲ್ಲೂ ಇದೇ ಮಾಡಿಸಿದ್ದು. ಕಣ್ಣು, ಮೂಗು, ಸರದ ಮಣಿ ಎಲ್ಲಾ ಸವೆದು ಸಪಾಟು." ಅವರು ಸುಮ್ಮನಾದ್ರು.

ಬೇಲೂರು, ಹಳೇಬೀಡಿನ ಶಿಲ್ಪಗಳಂತೆ ನಮ್ಮೂರಿನವೂ ಬಳಪದ ಕಲ್ಲಿನವು. ಆ ಕಲ್ಲು ಮೃದುವಾಗಿರೋದಕ್ಕೇ ಅಷ್ಟು ನವಿರು ಕೆತ್ತನೆ ಸಾಧ್ಯವಾಗಿದ್ದು. ಮರಳು ಬಡಿದರೆ ಕೊಳೆಯ ಜೊತೆ ಕೆತ್ತನೆಯೂ ಹೋಗುತ್ತೆ. ಒರಟಾದ ಮೈಗೆ ಧೂಳು, ಪಾಚಿ ಇನ್ನೂ ಬೇಗ ಹಿಡಿಯುತ್ತೆ. ಆ್ಯಸಿಡ್ ಕಲ್ಲಿನೊಳಗೆ ಇಳಿದು ಕಲೆ ಬಿಡುತ್ತೆ. ತಂತಿ ಬ್ರಷ್ ಗೀರೋದಲ್ಲದೆ, ಅದರ ಚೂರು ಸಿಕ್ಕಿಕೊಂಡು ತುಕ್ಕು ಹಿಡಿಯುತ್ತೆ.

ಹಾಗಾದ್ರೆ ಏನು ಮಾಡ್ಬೇಕು? ಮೊದಲು ಮೆತ್ತನೆ ಬ್ರಷ್ಷಿನಿಂದ ಒಣ ಧೂಳು ತೆಗೆಯೋದು. ಆಮೇಲೆ ಶುದ್ಧ ನೀರು ಚಿಮುಕಿಸಿ ಕೊಳೆ ನೆನೆಯೋಕೆ ಬಿಟ್ಟು, ನಿಧಾನವಾಗಿ ಉಜ್ಜೋದು. ಪಾಚಿಗೆ ಬಿದಿರಿನ ಕಡ್ಡಿ ಸಾಕು. ಕಾಣದ ಮೂಲೆಯಲ್ಲಿ ಅಂಗೈಯಗಲ ಮಾಡಿ, ಒಣಗಿದ ಮೇಲೆ ನೋಡಿಯೇ ಮುಂದಿನ ಹೆಜ್ಜೆ. ಕಲ್ಲು ಪುಡಿ ಉದುರುತ್ತಿದ್ದರೆ, ಸಿಪ್ಪೆ ಏಳುತ್ತಿದ್ದರೆ ಮುಟ್ಟಲೇಬಾರದು.

ಎಣ್ಣೆ ಜಿಡ್ಡು, ಪೇಂಟು ನೀರಿಗೆ ಬಗ್ಗಲ್ಲ. ಅದು ಸಂರಕ್ಷಣಾ ತಜ್ಞರ ಕೆಲಸ. ಅವರು ಕಾಗದದ ತಿರುಳು ಅಥವಾ ಜೇಡಿಯ ಲೇಪ ಹಚ್ಚಿ ಕೊಳೆ ಹೀರಿಸ್ತಾರೆ. ತಾಜ್‌ಮಹಲ್‌ಗೂ ಮುಲ್ತಾನಿ ಮಿಟ್ಟಿ ಲೇಪ ಹಾಕ್ತಾರೆ, ಥೇಟ್ ನಮ್ಮ ಫೇಸ್‌ಪ್ಯಾಕ್ ಥರ!

ಚಿಕ್ಕಪ್ಪ ಹಿಂಬದಿಯ ಒಂದು ಮೂಲೆಯಲ್ಲಿ ನೀರು, ಬ್ರಷ್ಷಿನಿಂದ ಮಾಡಿಸಿ ನೋಡಿದ್ರು. ಪಾಚಿ ಕೆಳಗೆ ಒಂದು ಪುಟ್ಟ ಹಂಸದ ಸಾಲು ಇತ್ತಂತೆ! ಸ್ಯಾಂಡ್‌ಬ್ಲಾಸ್ಟಿಂಗ್ ಮಾತು ಅಲ್ಲಿಗೇ ನಿಂತಿತು.

ನಿಮ್ಮೂರಿನ ಗ್ರೂಪಿಗೂ ಇಂಥ ವಿಡಿಯೋ ಬಂದರೆ ಲೈಕ್ ಒತ್ತಿ ಸುಮ್ಮನಾಗಬೇಡಿ, ಒಂದು ಫೋನ್ ಮಾಡಿ. ಸಂರಕ್ಷಿತ ಸ್ಮಾರಕವಾದರೆ ಇಲಾಖೆಗೆ ತಿಳಿಸಿ, ಅನುಮತಿ ಇಲ್ಲದೆ ಕೈ ಹಚ್ಚೋ ಹಾಗಿಲ್ಲ. ಕೊಳೆ ಮುಂದಿನ ವರ್ಷವೂ ತೆಗೀಬಹುದು. ಸವೆದ ಮೂಗನ್ನು ಯಾವ ಶಿಲ್ಪಿಯೂ ವಾಪಸ್ ಕೊಡಲಾರ.