ಗಾಜಿನ ತೊಟ್ಟಿಯ ಹಸುರು

ನಮ್ಮ ಕಾಸರಗೋಡಿನ ಮಕ್ಕಳಲ್ಲಿ ಅನೇಕರ ಮನೆಮಾತು ತುಳು, ಮಲಯಾಳ ಇಲ್ಲವೇ ಕೊಂಕಣಿ. ಅವರಿಗೆ ಪಾಠಪುಸ್ತಕದ ‘ದ್ಯುತಿಸಂಶ್ಲೇಷಣೆ’ ಬಾಯಿಪಾಠದ ಶಬ್ದವೇ ಹೊರತು ಕಂಡ ವಸ್ತುವಲ್ಲ. ಆದುದರಿಂದ ಮನೆಯ ಚಾವಡಿಯಲ್ಲಿರುವ ಗಾಜಿನ ಮೀನುತೊಟ್ಟಿಯಲ್ಲಿ ಹೈಡ್ರಿಲ್ಲಾ ಎಂಬ ಜಲಸಸ್ಯವನ್ನು ನೆಟ್ಟಿದ್ದೇನೆ.

ತೊಳೆದ ಹೊಯಿಗೆ, ಕಿಟಕಿಯ ಬೆಳಕು, ಇಷ್ಟೇ ಅದರ ಬೇಡಿಕೆ. ಬಿಸಿಲು ಹೆಚ್ಚಾದರೆ ಪಾಚಿ ಕವಿಯುವುದು. ಇರುಳಿನಲ್ಲಿ ಗಿಡವೂ ಮೀನಿನಂತೆ ಆಮ್ಲಜನಕವನ್ನು ಬಳಸುವುದರಿಂದ ಮೀನುಗಳು ಮೂರೋ ನಾಲ್ಕೋ ಸಾಕು. ಹಗಲಿನಲ್ಲಿ ಎಲೆಗಳಿಂದ ಗುಳ್ಳೆಗಳು ಸಾಲಾಗಿ ಮೇಲೇರುತ್ತವೆ. ನೀರಿನಲ್ಲಿಟ್ಟ ಎಲೆಗಳ ಇಂತಹ ಗುಳ್ಳೆಗಳನ್ನು ಪರೀಕ್ಷಿಸಿಯೇ, ಹಸುರೆಲೆಯು ಬೆಳಕಿನಲ್ಲಿ ಮಾತ್ರ ಆಮ್ಲಜನಕವನ್ನು ಬಿಡುವುದೆಂದು ಡಚ್ ವೈದ್ಯ ಇಂಗೆನ್‌ಹೌಸನು 1779ರಲ್ಲಿ ತೋರಿಸಿದನು.

ಅವುಗಳನ್ನು ಕಂಡ ನೆರೆಮನೆಯ ಬಾಲಕಿ ಮೊದಲು ತುಳುವಿನಲ್ಲಿ ಬೆರಗನ್ನಾಡಿ, ಬಳಿಕ ಆ ಉದ್ದದ ಶಬ್ದವನ್ನು ತಡವರಿಸದೆ ನುಡಿದಳು. ಕಂಡುದಕ್ಕೆ ಹೆಸರು ಬೇಕೆನಿಸಿದಾಗಲೇ ನುಡಿಯು ಮಕ್ಕಳದಾಗುತ್ತದೆ.