ಲೇಬಲ್ ಮೇಲೆ ಯಾರ ಹೆಸರು?

ಅಂಗಡಿಯಲ್ಲಿ ಒಂದು ಕುರ್ತಾ ಕೈಗೆತ್ತಿಕೊಂಡರೆ ನಾವು ಮೊದಲು ಬಣ್ಣ ನೋಡುತ್ತೇವೆ, ಆಮೇಲೆ ಬೆಲೆ ನೋಡುತ್ತೇವೆ. ಕುತ್ತಿಗೆಯ ಒಳಬದಿಯಲ್ಲಿರುವ ಬೆರಳಗಲದ ಲೇಬಲ್ ಓದುವವರು ಕಡಿಮೆ. ಆದರೆ ಆ ಬಟ್ಟೆ ಯಾರದು ಎಂದು ಹೇಳುವುದು ಅದೊಂದೇ. ಕಳೆದ ರಜೆಯಲ್ಲಿ ಉಮ್ಮನಿಗಾಗಿ ಅಂಥದ್ದೊಂದು ಲೇಬಲ್ ಮಾಡಲು ಕುಳಿತೆ. ಎರಡು ತಿಂಗಳು ಹಿಡಿಯಿತು. ಅಕ್ಷರ ಬಿಡಿಸುವುದಕ್ಕಿಂತ ಯಾವ ಹೆಸರು ಬರೆಯಬೇಕು ಎಂದು ತೀರ್ಮಾನವಾಗುವುದಕ್ಕೇ ಹೆಚ್ಚು ದಿನ ಬೇಕಾಯಿತು.

ನನ್ನ ಉಮ್ಮ 18 ವರ್ಷಗಳಿಂದ ಹೊಲಿಗೆ ಕೆಲಸ ಮಾಡುತ್ತಿದ್ದಾರೆ. ಅವರು ಹೊಲಿದ ಉಡುಪು ತೊಟ್ಟ ಮದುಮಗಳಂದಿರು ನಮ್ಮ ಊರಿನಲ್ಲಿ ಎಷ್ಟೋ ಜನ ಇದ್ದಾರೆ. ಅದು ಯಾರ ಕೈಕೆಲಸ ಎಂದು ಅವರಲ್ಲಿ ಹೆಚ್ಚಿನವರಿಗೆ ತಿಳಿದಿಲ್ಲ. ಏಕೆಂದರೆ ಎಲ್ಲವೂ ಪೇಟೆಯ ಒಂದು ಅಂಗಡಿಯ ಲೇಬಲ್ ಹೊತ್ತು ಹೋಗುತ್ತಿತ್ತು. ಈ ವರ್ಷ ಮನೆಯಲ್ಲೇ ಆರ್ಡರ್ ತೆಗೆದುಕೊಳ್ಳುವುದೆಂದು ನಿರ್ಧಾರವಾಯಿತು. ಕಾಲೇಜಿನ ಗೋಡೆಪತ್ರಿಕೆಗೆ ತಲೆಬರಹ ಬರೆಯುವವಳು ನಾನಾದ್ದರಿಂದ ಲೋಗೋ ಕೆಲಸ ನನ್ನ ಪಾಲಿಗೆ ಬಂತು. ಉಮ್ಮ ಹೇಳಿದ್ದು ಇಷ್ಟೇ: "ಇಂಗ್ಲಿಷಿನಲ್ಲಿ ಏನಾದರೂ ಚಂದದ್ದು ಬರಿ. ನನ್ನ ಹೆಸರು ಯಾಕೆ?"

ನನಗೆ ಆ ಮಾತು ಸರಿ ಕಾಣಲಿಲ್ಲ. ದೊಡ್ಡ ಫ್ಯಾಷನ್ ಮನೆಗಳು ಏನು ಮಾಡಿವೆ ಎಂದು ಓದತೊಡಗಿದೆ. ಅಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಈವ್ ಸ್ಯಾಂ ಲೊರಾಂ ಅವರ ಕಥೆ. ಅವರು ಹುಟ್ಟಿದ್ದು 1936ರಲ್ಲಿ, ಅಲ್ಜೀರಿಯಾದ ಓರಾನ್ ನಗರದಲ್ಲಿ. 1957ರಲ್ಲಿ ಕ್ರಿಶ್ಚಿಯನ್ ಡಿಯೋರ್ ತೀರಿಕೊಂಡಾಗ, ಕೇವಲ 21ನೇ ವಯಸ್ಸಿನಲ್ಲಿ ಆ ಪ್ರಸಿದ್ಧ ಸಂಸ್ಥೆಯ ವಿನ್ಯಾಸದ ಹೊಣೆ ಅವರ ಹೆಗಲಿಗೆ ಬಂತು. ಅಂದರೆ ಅಷ್ಟು ವರ್ಷ ಅವರು ಬಿಡಿಸಿದ ಉಡುಪುಗಳ ಮೇಲೂ ಇದ್ದದ್ದು ಬೇರೆಯವರ ಹೆಸರೇ. 1960ರಲ್ಲಿ ಫ್ರೆಂಚ್ ಸೈನ್ಯದ ಕಡ್ಡಾಯ ಸೇವೆಗೆ ಕರೆ ಬಂತು, ಆ ಹುದ್ದೆಯೂ ಕೈತಪ್ಪಿತು. 1961ರಲ್ಲಿ ಪಿಯೇರ್ ಬೆರ್ಜೆ ಜೊತೆ ಸೇರಿ ತಮ್ಮದೇ ಹೆಸರಿನ ಸಂಸ್ಥೆ ಕಟ್ಟಿದರು.

ಆ ಹೆಸರಿಗೆ ರೂಪ ಕೊಟ್ಟವರು ಎ. ಎಂ. ಕಸಾಂಡ್ರ್. 1901ರಲ್ಲಿ ಉಕ್ರೇನಿನ ಖಾರ್ಕಿವ್‌ನಲ್ಲಿ ಹುಟ್ಟಿ ಪ್ಯಾರಿಸ್‌ನಲ್ಲಿ ಬೆಳಗಿದ ಪೋಸ್ಟರ್ ಕಲಾವಿದ. 1935ರ 'ನಾರ್ಮಂಡಿ' ಹಡಗಿನ ಪೋಸ್ಟರ್ ಅವರದ್ದೇ. 1937ರಲ್ಲಿ ಬಂದ ಪೆನ್ಯೋ ಎಂಬ ಅಕ್ಷರವಿನ್ಯಾಸವೂ ಅವರದ್ದೇ. ಸ್ಯಾಂ ಲೊರಾಂ ಹೆಸರಿನ ವೈ, ಎಸ್, ಎಲ್ ಅಕ್ಷರಗಳನ್ನು ಅವರು ಸಾಲಾಗಿ ನಿಲ್ಲಿಸದೆ ಒಂದಕ್ಕೊಂದು ಹೆಣೆದು ಮೇಲಿನಿಂದ ಕೆಳಗೆ ಇಳಿಬಿಟ್ಟರು. ನೇರ ಅಕ್ಷರದ ಗುಣವನ್ನೂ ಓರೆ ಅಕ್ಷರದ ಗುಣವನ್ನೂ ಒಂದೇ ಚಿಹ್ನೆಯಲ್ಲಿ ಬೆರೆಸಿದರು. ಸಾಮಾನ್ಯವಾಗಿ ಹಾಗೆ ಬೆರೆಸುವುದಿಲ್ಲ. ಅದರಲ್ಲಿ ಹೂವಿಲ್ಲ, ಸೂಜಿಯಿಲ್ಲ, ಕತ್ತರಿಯಿಲ್ಲ. ಬರೀ ಅಕ್ಷರ. ಆದರೂ 60 ವರ್ಷ ದಾಟಿ ಅದು ಇಂದಿಗೂ ಬಳಕೆಯಲ್ಲಿದೆ. ಹೆಸರೇ ಗುರುತಾಗುವಾಗ ಪಕ್ಕದಲ್ಲಿ ಚಿತ್ರ ಬೇಕಿಲ್ಲ ಎಂಬುದು ನಾನು ಅದರಿಂದ ಕಲಿತ ಮೊದಲ ಪಾಠ.

ಇದನ್ನೆಲ್ಲ ಉಮ್ಮನಿಗೆ ಹೇಳಿದೆ. "ಅವರು ಗಂಡಸರು, ಅದೂ ಪ್ಯಾರಿಸ್ಸಿನವರು" ಎಂದರು. ನಾನು ಬಿಡಲಿಲ್ಲ. ಗೇಬ್ರಿಯಲ್ ಶನೆಲ್ ಎಂಬ ಹೆಂಗಸು 1910ರಲ್ಲೇ ಪ್ಯಾರಿಸ್‌ನ ಕಂಬೋನ್ ರಸ್ತೆಯಲ್ಲಿ ತನ್ನ ಹೆಸರಿನಲ್ಲೇ ಟೋಪಿ ಅಂಗಡಿ ತೆರೆದಳು ಎಂದೆ. "ಟೋಪಿಯಿಂದ ಶುರು ಮಾಡಿದ್ದಾ?" ಎಂದು ಕೇಳಿ ಉಮ್ಮ ಮಷಿನ್ ನಿಲ್ಲಿಸಿದರು. ಅಂದು ಮತ್ತೇನೂ ಹೇಳಲಿಲ್ಲ. ಬೇಡ ಎಂದೂ ಹೇಳಲಿಲ್ಲ.

ಮುಂದಿನ ಪ್ರಶ್ನೆ ಲಿಪಿಯದು. ಕೆಲವು ವರ್ಷಗಳ ಹಿಂದೆ ಅನೇಕ ದೊಡ್ಡ ಬ್ರಾಂಡ್‌ಗಳು ತಮ್ಮ ಹಳೆಯ ಅಕ್ಷರ ಬಿಟ್ಟು ದಪ್ಪ, ಸಪಾಟು ಅಕ್ಷರಕ್ಕೆ ಬದಲಾದವು. 2018ರಲ್ಲಿ ಬರ್ಬರಿ ಹಾಗೆ ಮಾಡಿತು. ಅದೇ ವರ್ಷ ಸೆಲೀನ್ ತನ್ನ ಹೆಸರಿನ ಮೇಲಿದ್ದ ಫ್ರೆಂಚ್ ಉಚ್ಚಾರಣೆಯ ಗೆರೆಯನ್ನೇ ತೆಗೆದುಹಾಕಿತು. ಎಲ್ಲವೂ ಅಣ್ಣತಮ್ಮಂದಿರಂತೆ ಕಾಣತೊಡಗಿದವು. ಬರ್ಬರಿ 2023ರಲ್ಲಿ ಮತ್ತೆ ಬೇರೆ ಅಕ್ಷರಕ್ಕೆ ಹೊರಳಿತು. ಉಮ್ಮನ ಹೆಸರನ್ನು ಇಂಗ್ಲಿಷಿನಲ್ಲಿ ಬರೆದರೆ ಆ ಸಾಲಿಗೆ ಇನ್ನೊಂದು ಸೇರಿದಂತೆ ಆಗುತ್ತಿತ್ತು. ನಾವು ಮನೆಯಲ್ಲಿ ಆಡುವುದು ಬ್ಯಾರಿ. ಅದನ್ನು ಬರೆಯುವುದು ಕನ್ನಡ ಅಕ್ಷರದಲ್ಲೇ. ಉಮ್ಮ ಅಳತೆ ಪುಸ್ತಕ ಬರೆಯುವುದೂ ಅದರಲ್ಲೇ. ಹಾಗಿದ್ದ ಮೇಲೆ ಬೇರೆ ಲಿಪಿ ಹುಡುಕುವುದು ಯಾಕೆ?

ಕನ್ನಡದಲ್ಲಿ ಲೋಗೋ ಮಾಡುವುದು ಸುಲಭವಲ್ಲ. ನಮ್ಮಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಎಂಬ ಭೇದವಿಲ್ಲ. ಮೊದಲಕ್ಷರವನ್ನು ಎತ್ತಿ ತೋರಿಸಲು ಬೇರೆ ದಾರಿ ಬೇಕು. ತಲೆಕಟ್ಟು ಮೇಲಿರುತ್ತದೆ, ಒತ್ತಕ್ಷರ ಕೆಳಗಿಳಿಯುತ್ತದೆ, ಇಂಗ್ಲಿಷಿಗಿಂತ ಹೆಚ್ಚು ಎತ್ತರ ಬೇಕಾಗುತ್ತದೆ. ಉಮ್ಮನ ಹೆಸರಿನಲ್ಲಿ ಒಂದು ಒತ್ತಕ್ಷರ ಇದೆ. (ಹೆಸರು ಇಲ್ಲಿ ಬರೆಯುವುದಿಲ್ಲ, ಬೈಗುಳ ತಿನ್ನಬೇಕಾಗುತ್ತದೆ.) ಆ ಒತ್ತಕ್ಷರದ ಬಾಲವನ್ನೇ ಎಡಕ್ಕೆ ಎಳೆದು ಇಡೀ ಹೆಸರಿನ ಅಡಿಗೆರೆಯಾಗಿಸಿದೆ. ಮೊದಲು ಕಾಗದದ ಮೇಲೆ ಬಿಡಿಸಿ, ಆಮೇಲೆ ಕಂಪ್ಯೂಟರ್ ಲ್ಯಾಬ್‌ನಲ್ಲಿ ಇಂಕ್‌ಸ್ಕೇಪ್ ಎಂಬ ಉಚಿತ ತಂತ್ರಾಂಶದಲ್ಲಿ ವೆಕ್ಟರ್ ಮಾಡಿದೆ. ವೆಕ್ಟರ್ ಎಂದರೆ ಗೆರೆಗಳ ಲೆಕ್ಕ. ಬೋರ್ಡಿನಷ್ಟು ಹಿಗ್ಗಿಸಿದರೂ ಅಂಚು ಒಡೆಯುವುದಿಲ್ಲ. ಫೋಟೋ ಚುಕ್ಕೆಗಳಿಂದ ಆದದ್ದು, ಹಿಗ್ಗಿಸಿದರೆ ಒಡೆಯುತ್ತದೆ. ಅಡಿಯಲ್ಲಿ ಊರಿನ ಹೆಸರಿಗೆ ಬಲೂ ತಮ್ಮ ಎಂಬ ಫಾಂಟ್ ಬಳಸಿದೆ. ಅದರ ಪರವಾನಗಿ ಮುಕ್ತವಾದದ್ದು, ವ್ಯಾಪಾರಕ್ಕೂ ಬಳಸಬಹುದು.

ಲೇಬಲ್ ನೇಯುವವರು ಒಂದು ಮಾತು ಹೇಳಿದರು: ನೇಯ್ಗೆಯಲ್ಲಿ ಗೆರೆ ಎಂದರೆ ನೂಲು. ನೂಲಿಗಿಂತ ತೆಳ್ಳಗಿನ ಗೆರೆ ಅಲ್ಲಿ ನಿಲ್ಲುವುದಿಲ್ಲ. ಪರೀಕ್ಷೆಗೆಂದು ಹೆಸರನ್ನು ದೊಡ್ಡದಾಗಿ ಬಿಳಿ ಬಟ್ಟೆಯ ಮೇಲೆ ಪೆನ್ಸಿಲಿನಲ್ಲಿ ಬರೆದು ಉಮ್ಮನ ಮುಂದಿಟ್ಟೆ. ಅವರು ಕಸೂತಿ ಚೌಕಟ್ಟಿಗೆ ಬಿಗಿದು ಸರಪಳಿ ಹೊಲಿಗೆಯಲ್ಲಿ ತುಂಬಿದರು. ಒಂದು ತಿರುವಿನಲ್ಲಿ ಸೂಜಿ ನಿಂತಿತು. "ಇಲ್ಲಿ ದಾರ ಇಷ್ಟು ಬೇಗ ಮಡಚುವುದಿಲ್ಲ, ಸ್ವಲ್ಪ ಸುತ್ತಿ ಬರಲಿ" ಎಂದು ತಾವೇ ಗೆರೆಯನ್ನು ಅಗಲ ಮಾಡಿ ಹೊಲಿದರು. ನಾನು ಕಂಪ್ಯೂಟರಿನಲ್ಲಿದ್ದ ತಿರುವನ್ನು ಅದರಂತೆಯೇ ಮಾಡಿದೆ. ಹೆಸರು ಓದಲು ಇನ್ನೂ ಹಗುರವಾಯಿತು.

ಹೊಲಿದು ಮುಗಿಸಿದ ಮೇಲೆ ಉಮ್ಮ ಬಟ್ಟೆಯನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. "ನೂರು ಲೇಬಲ್ ಸಾಕು" ಎಂದರು. ಒಪ್ಪಿಗೆ ಎಂದು ನನಗೆ ತಿಳಿದದ್ದು ಹಾಗೆ.

ಗೆಳತಿಯರೇ, ಗೆಳೆಯರೇ, ನಮ್ಮಲ್ಲಿ ಹಲವರ ಮನೆಯಲ್ಲಿ ಹೊಲಿಯುವ, ಅಡುಗೆ ಮಾಡಿ ಕೊಡುವ, ಮೆಹಂದಿ ಹಾಕುವ ತಾಯಂದಿರು ಇದ್ದಾರೆ. ಅವರ ಕೆಲಸಕ್ಕೆ ಒಂದು ಹೆಸರು ಬೇಕಿದ್ದರೆ ದುಬಾರಿ ತಂತ್ರಾಂಶ ಬೇಕಾಗಿಲ್ಲ. ಕಾಗದ, ಪೆನ್ಸಿಲು, ಲ್ಯಾಬ್‌ನಲ್ಲಿ ಒಂದು ಗಂಟೆ ಸಾಕು. ಮೊದಲು ಅವರನ್ನೇ ಕೇಳಿ, ಅವರ ಕೈಯಲ್ಲೇ ಒಮ್ಮೆ ಬರೆಸಿ. ನಮ್ಮ ನೂರು ಲೇಬಲ್‌ಗಳಲ್ಲಿ 37 ಈಗಾಗಲೇ ಬೇರೆ ಬೇರೆ ಮನೆ ಸೇರಿವೆ.